ಕೇಳಿಸಿಕೊಂಡವರ ಮಾತು

ರಾಜಕಾರಣಿ ಒಬ್ಬರೇ ಇರುವುದನ್ನು ನಾವು ನೋಡುವುದೇ ಇಲ್ಲ. ಕಾರಿನಿಂದ ಇಳಿಯುವ ಹೊತ್ತಿಗೇ ಸುತ್ತ ಹತ್ತು ಜನ ಇರುತ್ತಾರೆ. ವೇದಿಕೆ ಹತ್ತಿದರೆ ಹಿಂದೆ ಸಾಲು ಕುರ್ಚಿ, ಮುಂದೆ ಸಾವಿರ ಮುಖ. ಸಾವಾದ ಮನೆಗೆ ಹೋದರೂ ಬೆನ್ನ ಹಿಂದೆ ಬೆಂಬಲಿಗರು, ಅವರ ಹಿಂದೆ ಕ್ಯಾಮೆರಾ. ಜನರ ನಡುವೆಯೇ ಹುಟ್ಟಿ ಜನರ ನಡುವೆಯೇ ಮುಗಿಯುವ ಇಂಥ ಬದುಕನ್ನು ಒಬ್ಬ ನಟಿ ಖಾಲಿ ರಂಗದ ಮೇಲೆ ಒಬ್ಬಳೇ ನಿಂತು ಹೇಳಹೊರಟರೆ ಏನು ಉಳಿದೀತು? ಸುತ್ತಲಿನವರನ್ನೆಲ್ಲ ತೆಗೆದುಬಿಟ್ಟರೆ ಒಳಗೆ ಯಾರಾದರೂ ಇರುತ್ತಾರೆಯೇ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು 'ಆನ್' ಎಂಬ ಏಕವ್ಯಕ್ತಿ ನಾಟಕದಿಂದ. ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ 1991ರಿಂದ 1995ರವರೆಗೆ ಗವರ್ನರ್ ಆಗಿದ್ದ ಆನ್ ರಿಚರ್ಡ್ಸ್ ಅವರ ಬದುಕು ಅದರ ವಸ್ತು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬಂದವರಲ್ಲ, ಜನರ ಮತದಿಂದ ಗೆದ್ದು ಬಂದವರು. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ನಾಟಕ ಬರೆದವರೂ ಅಭಿನಯಿಸಿದವರೂ ಒಬ್ಬರೇ, ನಟಿ ಹಾಲೆಂಡ್ ಟೇಲರ್. 2013ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ವಿವಿಯನ್ ಬೋಮಾಂಟ್ ರಂಗಮಂದಿರಕ್ಕೆ ಅದು ಬಂದಾಗ ಅವರಿಗೆ ವಯಸ್ಸು 70. ಸಾವಿರಕ್ಕೂ ಹೆಚ್ಚು ಆಸನಗಳ ಆ ದೊಡ್ಡ ರಂಗಮಂದಿರದಲ್ಲಿ ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ವಾರವಾರವೂ ಅವರೊಬ್ಬರೇ ನಿಂತರು. ಆ ವರ್ಷ ಟೋನಿ ಪ್ರಶಸ್ತಿಗೆ ಅವರ ಹೆಸರು ನಾಮನಿರ್ದೇಶನಗೊಂಡಿತು. ನಾನು ನೋಡಿದ್ದು ಚಿತ್ರೀಕರಿಸಿದ ರೂಪವನ್ನು. 2020ರ ಜೂನ್‌ನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಪಿಬಿಎಸ್ ಅದನ್ನು ಪ್ರಸಾರ ಮಾಡಿತ್ತು. ಬಿಳಿ ಸೂಟು, ಗಾಳಿ ಬೀಸಿದರೂ ಅಲುಗದ ಬೆಳ್ಳಿ ಬಣ್ಣದ ಎತ್ತರದ ಕೇಶಾಲಂಕಾರ, ಟೆಕ್ಸಾಸಿನ ಎಳೆದಾಡುವ ರಾಗದ ಇಂಗ್ಲಿಷು. ಕಾಲ್ಪನಿಕ ಕಾಲೇಜೊಂದರ ಘಟಿಕೋತ್ಸವದಲ್ಲಿ ಭಾಷಣಕ್ಕೆ ನಿಂತ ಹಾಗೆ ನಾಟಕ ಶುರುವಾಗುತ್ತದೆ. ಹಾಗಾಗಿ ನೋಡುವವರೆಲ್ಲ ಮೊದಲ ನಿಮಿಷದಲ್ಲೇ ಪದವಿ ಪಡೆಯುವ ಮಕ್ಕಳೂ ಅವರ ತಂದೆತಾಯಿಯರೂ ಆಗಿಬಿಡುತ್ತಾರೆ. ಒಬ್ಬರೇ ಮಾಡುವ ನಾಟಕದಲ್ಲಿ ಎರಡನೆಯ ಪಾತ್ರವೊಂದು ಯಾವಾಗಲೂ ಇರುತ್ತದೆ, ಅದನ್ನು ವಹಿಸುವವರು ನಾವು ಎನ್ನುವುದು ನನಗೆ ಹೊಳೆದದ್ದು ಅಲ್ಲಿ.

ಹರಿಕಥೆ ಕೇಳಿ ಬೆಳೆದವರಿಗೆ ಇದು ತೀರ ಹೊಸತಲ್ಲ. ಚಿಟಿಕೆ ಹಿಡಿದ ದಾಸರು ಒಂದೇ ಉಸಿರಿನಲ್ಲಿ ದ್ರೌಪದಿಯೂ ದುಶ್ಶಾಸನನೂ ಆಗುವುದನ್ನು, ಕಡೆಗೆ ಎದುರು ಕೂತ ನಮ್ಮನ್ನೇ ಕುರುಸಭೆಯ ಮೂಕ ಹಿರಿಯರನ್ನಾಗಿ ಮಾಡಿ ಕೇಳುವುದನ್ನು ಕಂಡಿದ್ದೇವೆ. ಸಿ.ಆರ್. ಸಿಂಹ ಒಬ್ಬರೇ ನಿಂತು ಟಿ.ಪಿ. ಕೈಲಾಸಂ ಅವರನ್ನು ಕನ್ನಡ ರಂಗಭೂಮಿಗೆ ಮರಳಿ ಕರೆತಂದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಆದರೆ ಪುರಾಣದವರ ಬಗೆಗಾಗಲಿ ನಾಟಕಕಾರರ ಬಗೆಗಾಗಲಿ ನಮಗೆ ಇಲ್ಲದ ಒಂದು ಅನುಮಾನ ರಾಜಕಾರಣಿಯ ಬಗ್ಗೆ ಮೊದಲೇ ಇರುತ್ತದೆ. ಈತ ಆಡುವುದೆಲ್ಲ ನಟನೆಯೇ ಎಂಬ ಅನುಮಾನ ಅದು. ನಟನೆ ಎಂದು ನಾವು ಮೊದಲೇ ತೀರ್ಮಾನಿಸಿದ ಬದುಕನ್ನು ನಟಿಯೊಬ್ಬಳು ನಟಿಸಿ, ಅದರೊಳಗಿನ ನಿಜವನ್ನು ತೋರಬೇಕು. ಎಷ್ಟು ಕಷ್ಟದ ಕೆಲಸ!

ಆನ್ ಹುಟ್ಟಿದ್ದು 1933ರ ಸೆಪ್ಟೆಂಬರ್ 1ರಂದು, ವೇಕೊ ಪಟ್ಟಣದ ಹತ್ತಿರದ ಲೇಕ್‌ವ್ಯೂ ಎಂಬ ಪುಟ್ಟ ಊರಿನಲ್ಲಿ. ಆರ್ಥಿಕ ಕುಸಿತದ ವರ್ಷಗಳು. ಹೆರಿಗೆಯ ದಿನ ತಂದೆಗೆ ಅಡುಗೆ ಮಾಡಿಕೊಡಲು ನೆರೆಯ ಹೆಂಗಸೊಬ್ಬಳು ಬಂದಿದ್ದಳಂತೆ. ಕೋಳಿಯ ಕತ್ತು ಮುರಿಯಲು ಅವಳಿಗೆ ಕೈ ಬರಲಿಲ್ಲ. ಬಾಣಂತಿಯೇ ಮಲಗಿದಲ್ಲಿಗೆ ಕೋಳಿ ತರಿಸಿಕೊಂಡು ಆ ಕೆಲಸ ಮುಗಿಸಿದರಂತೆ. ತನ್ನ ತಾಯಿಯ ಈ ಕತೆಯನ್ನು ಆನ್ ಖುಷಿಯಿಂದ ಹೇಳುತ್ತಿದ್ದರು. ಶಾಲೆಯಲ್ಲಿ ಚರ್ಚಾಸ್ಪರ್ಧೆಗಳ ಹುಡುಗಿ; ಬೇಲರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದೂ ಚರ್ಚಾಪಟುತ್ವಕ್ಕೇ. 1953ರಲ್ಲಿ ಡೇವಿಡ್ ರಿಚರ್ಡ್ಸ್ ಜೊತೆ ಮದುವೆ. ಆತ ಕಾರ್ಮಿಕರ ಪರವಾಗಿ, ನಾಗರಿಕ ಹಕ್ಕುಗಳ ಪರವಾಗಿ ವಾದಿಸುವ ವಕೀಲರಾದರು. ಆನ್ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು, ನಾಲ್ಕು ಮಕ್ಕಳನ್ನು ಹೆತ್ತರು, ಔತಣ ಬಡಿಸಿದರು, ಬೇರೆಯವರ ಚುನಾವಣೆಗಳಿಗೆ ದುಡಿದರು. ಡಾಲಸ್‌ನಲ್ಲಿದ್ದಾಗ ಗೆಳತಿಯರನ್ನು ಕಟ್ಟಿಕೊಂಡು ರಾಜಕಾರಣಿಗಳನ್ನು ಅಣಕಿಸುವ ಪ್ರಹಸನಗಳನ್ನು ಆಡುತ್ತಿದ್ದರು. ರಂಗ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಆ ರಂಗ ತನ್ನದೂ ಆಗಬಹುದು ಎಂಬುದು.

ಆಗಿದ್ದು ಹೀಗೆ. ಎಪ್ಪತ್ತರ ದಶಕದ ನಡುವೆ ಆಸ್ಟಿನ್ ನಗರವಿರುವ ಟ್ರಾವಿಸ್ ಕೌಂಟಿಯ ಕಮಿಷನರ್ ಸ್ಥಾನಕ್ಕೆ ನಿಲ್ಲಿ ಎಂದು ಪಕ್ಷದವರು ಕೇಳಿದ್ದು ಡೇವಿಡ್‌ರನ್ನು. ಅವರು ಒಲ್ಲೆ ಎಂದರು. ಹೆಂಡತಿಯ ಹೆಸರು ಬಂತು. 1976ರಲ್ಲಿ ಆನ್ ಗೆದ್ದರು. ರಸ್ತೆ, ಸೇತುವೆ, ಜಲ್ಲಿ ಲಾರಿಗಳ ಉಸ್ತುವಾರಿ. ಅಲ್ಲಿಯವರೆಗೆ ಗಂಡಸರೇ ತುಂಬಿದ್ದ ಲೋಕ.

ಅದೇ ಹೊತ್ತಿನಲ್ಲಿ ಕುಡಿತ ಹೆಚ್ಚುತ್ತಿತ್ತು. ಹೊರಗಿನವರಿಗೆ ಕಾಣುತ್ತಿದ್ದದ್ದು ಕೂಟಗಳಲ್ಲಿ ಎಲ್ಲರನ್ನೂ ನಗಿಸುವ, ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. ಮನೆಯವರಿಗೆ ಕಾಣುತ್ತಿದ್ದದ್ದು ಬೇರೆ. 1980ರಲ್ಲಿ ಗಂಡ, ಮಕ್ಕಳು, ಹತ್ತಿರದ ಗೆಳೆಯರು ಸೇರಿ ಒಂದು ದಿನ ಆಕೆಯನ್ನು ಎದುರಿಗೆ ಕೂರಿಸಿಕೊಂಡರು. ಕುಡಿದಾಗ ಆಕೆ ಏನು ಮಾಡಿದ್ದರು, ಏನು ಆಡಿದ್ದರು, ಅದು ಯಾರನ್ನು ಹೇಗೆ ನೋಯಿಸಿತ್ತು ಎನ್ನುವುದನ್ನು ಒಬ್ಬೊಬ್ಬರಾಗಿ ಹೇಳಿದರು. ಆ ದಿನವೇ ಆನ್ ಮಿನಿಯಾಪೊಲಿಸ್‌ನ ಚಿಕಿತ್ಸಾ ಕೇಂದ್ರಕ್ಕೆ ಹೊರಡಲು ಒಪ್ಪಿದರು. ಮತ್ತೆಂದೂ ಕುಡಿಯಲಿಲ್ಲ.

ಆ ಕೋಣೆಯನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತೇನೆ. ಏಕವ್ಯಕ್ತಿ ನಾಟಕದ ತಿರುಗುಮುರುಗು ಅದು. ಇಲ್ಲಿ ಒಬ್ಬರು ಮಾತಾಡುತ್ತಾರೆ, ನೂರಾರು ಜನ ಕೇಳುತ್ತಾರೆ. ಅಲ್ಲಿ ಮಾತಾಡಿದವರು ಎಲ್ಲರೂ, ಪ್ರೇಕ್ಷಕಿ ಒಬ್ಬಳೇ. ಚರ್ಚಾಸ್ಪರ್ಧೆ ಗೆದ್ದವಳು, ಪ್ರಹಸನ ಆಡಿದವಳು, ಮಾತೇ ಬಂಡವಾಳವಾಗಿದ್ದವಳು ಅಂದು ಬಾಯಿ ಮುಚ್ಚಿ ತನ್ನ ಕತೆಯನ್ನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು. ಅದೂ ಪ್ರೀತಿಸುವವರ ಬಾಯಲ್ಲಿ. ವಿರೋಧಿಗಳು ಹೇಳಿದ್ದರೆ ಉತ್ತರ ಸಿದ್ಧವಿರುತ್ತಿತ್ತು. ಹೆತ್ತ ಮಕ್ಕಳಿಗೆ ಯಾವ ಚಾಟೂಕ್ತಿ ಕೊಟ್ಟು ಗೆಲ್ಲುವುದು? ಏಕವ್ಯಕ್ತಿ ನಾಟಕದಲ್ಲಿ ಈ ಕೋಣೆಯನ್ನು ಕಟ್ಟಿ ತೋರಿಸಲು ಸಾಧ್ಯವೇ ಇಲ್ಲ, ಏಕೆಂದರೆ ಅಲ್ಲಿ ನಾಯಕಿಗೆ ಮಾತಿಲ್ಲ. ಹಾಗಾಗಿ ಆ ಬದುಕಿನ ಅತಿ ದೊಡ್ಡ ತಿರುವು ರಂಗದ ಮೇಲೆ ನಡೆಯುವುದಿಲ್ಲ. ಆಮೇಲೆ ಆಕೆ ಆಡಿದ ಮಾತಿನಲ್ಲಿ ಹಾದುಹೋಗುತ್ತದೆ ಅಷ್ಟೆ. ಆದರೂ ಎರಡು ಗಂಟೆ ನಾವು ಕೇಳುವ ಒಂದೊಂದು ಮಾತಿನ ಬೆನ್ನಿಗೂ ಆ ಕೇಳಿಸಿಕೊಂಡ ಗಳಿಗೆ ನಿಂತಿದೆ. ಮನುಷ್ಯರಲ್ಲಿ ಬದಲಾವಣೆ ಹೇಗೆ ಆಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಬೋಧನೆಯ ಬಗ್ಗೆಯಾಗಲಿ ಸಂಕಲ್ಪದ ಬಗ್ಗೆಯಾಗಲಿ ಹೇಳಲಾರೆ. ಆ ಕೋಣೆಯ ಬಗ್ಗೆ ಹೇಳುತ್ತೇನೆ.

ಚಿಕಿತ್ಸೆಗೆ ಹೋಗುವಾಗ ಆಕೆಗಿದ್ದ ಭಯಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ಕುಡಿತ ಬಿಟ್ಟರೆ ಇನ್ನು ಮುಂದೆ ನಗಿಸಲು ಬರುವುದಿಲ್ಲವೇನೋ ಎಂಬ ಭಯ. ತಾನು ಎಂದು ಯಾವುದನ್ನು ತಿಳಿದಿದ್ದರೋ ಅದೇ ಗಾಜಿನ ಲೋಟದ ಜೊತೆ ಹೊರಟುಹೋದೀತು ಎಂಬ ಅಂಜಿಕೆ. ಬದಲಾಗಬೇಕಾದವರ ಕಾಲು ತಡೆಯುವುದು ಬಹುಶಃ ಇದೇ. ಕೆಟ್ಟದ್ದನ್ನು ಬಿಡುವುದಕ್ಕೆ ಯಾರೂ ಅಷ್ಟು ಅಂಜುವುದಿಲ್ಲ. ಅದರ ಬೇರಿಗೆ ಸುತ್ತಿಕೊಂಡ ಒಳ್ಳೆಯದೂ ಕಿತ್ತುಬಂದರೆ ಎಂದು ಅಂಜುತ್ತಾರೆ.

ಆನ್ ಮುಂದೆ ಹೋಗುತ್ತಿದ್ದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು 1935ರಲ್ಲಿ, ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ, ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರು ಗಂಡಸರ ಮಾತುಕತೆಯಿಂದ. ಅದರ ಕೂಟಗಳ ರೀತಿ ಇವತ್ತು ಕರ್ನಾಟಕದ ಊರುಗಳಲ್ಲಿ ಸೇರುವ ಗುಂಪುಗಳಲ್ಲೂ ಅದೇ. ಒಬ್ಬರು ಎದ್ದು ನಿಲ್ಲುತ್ತಾರೆ. ಹೆಸರು ಹೇಳುತ್ತಾರೆ, ತಾನು ಕುಡುಕ ಎನ್ನುತ್ತಾರೆ. ಆಮೇಲೆ ಹಿಂದೆ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂಬುದನ್ನು ಹೇಳುತ್ತಾರೆ. ಮಿಕ್ಕವರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಜಗತ್ತಿನಲ್ಲಿ ಪ್ರತಿ ಸಂಜೆ ಅತಿ ಹೆಚ್ಚು ನಡೆಯುವ ಏಕವ್ಯಕ್ತಿ ನಾಟಕ ಇದೇ ಇರಬೇಕು ಅನ್ನಿಸುತ್ತದೆ. ಟಿಕೆಟ್ ಇಲ್ಲ, ಬೆಳಕಿನ ವಿನ್ಯಾಸವಿಲ್ಲ, ಚಪ್ಪಾಳೆಗಾಗಿ ಯಾರೂ ನಿಂತಿಲ್ಲ. ಕೇಳುವವರೆಲ್ಲ ಅದೇ ಕತೆಯವರೇ. ಆನ್ ಆ ಕೂಟಗಳಿಗೆ ಹೋಗುತ್ತಿದ್ದರು. ತಾನು ಚೇತರಿಸಿಕೊಳ್ಳುತ್ತಿರುವವಳು ಎಂಬುದನ್ನು ಅಧಿಕಾರಕ್ಕೆ ಬಂದ ಮೇಲೂ ಮುಚ್ಚಿಡಲಿಲ್ಲ. ಗವರ್ನರ್ ಆದಮೇಲೆ ಟೆಕ್ಸಾಸಿನ ಸೆರೆಮನೆಗಳ ಒಳಗೇ ಕುಡಿತ ಮತ್ತು ಮಾದಕವಸ್ತುಗಳ ಚಟಕ್ಕೆ ಚಿಕಿತ್ಸೆ ಕೊಡುವ ದೊಡ್ಡ ಕಾರ್ಯಕ್ರಮ ತಂದರು. ಅವರ ಆಡಳಿತದ ಕೆಲಸಗಳಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಅದು. ಅದರ ಹಿಂದೆ ಯಾವ ತಜ್ಞರ ವರದಿಗಿಂತಲೂ ಗಟ್ಟಿಯಾದ ಆಧಾರವಿತ್ತು.

ಅಧಿಕಾರದಲ್ಲಿರುವವರು ತಮ್ಮ ಕೊರತೆಯನ್ನು ತಾವೇ ಎಲ್ಲರ ಮುಂದೆ ಆಡಿಕೊಳ್ಳುವುದು ಕನ್ನಡಕ್ಕೆ ಹನ್ನೆರಡನೆಯ ಶತಮಾನದಿಂದ ಗೊತ್ತು. ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರ ವಚನಗಳಲ್ಲಿ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡ ಮಾತುಗಳು ಎಷ್ಟಿಲ್ಲ! ಆನ್ 1982ರಲ್ಲಿ ಗೆದ್ದದ್ದೂ ಭಂಡಾರದ ಹುದ್ದೆಯನ್ನೇ, ಟೆಕ್ಸಾಸಿನ ಖಜಾಂಚಿ ಸ್ಥಾನವನ್ನು. ಅಲ್ಲಿ ರಾಜ್ಯಮಟ್ಟದ ಹುದ್ದೆಗೆ ಹೆಂಗಸೊಬ್ಬಳು ಆರಿಸಿಬಂದು ಐವತ್ತು ವರ್ಷಗಳೇ ಕಳೆದಿದ್ದವು. ಆ ಚುನಾವಣೆಯಲ್ಲಿ ಅವರ ಕುಡಿತವನ್ನು ಎದುರಾಳಿಗಳು ಎತ್ತಿ ಆಡಿದರು. ಆದರೆ ತಾನೇ ಹೇಳಿಕೊಂಡ ಗುಟ್ಟನ್ನು ಬಯಲು ಮಾಡಿ ಯಾರು ಯಾರನ್ನು ಹೆದರಿಸಬಲ್ಲರು? ಎರಡು ವರ್ಷಗಳಲ್ಲಿ ಮೂವತ್ತು ವರ್ಷದ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಚಿಕಿತ್ಸೆ ಎಲ್ಲವನ್ನೂ ಉಳಿಸಿಕೊಡಲಿಲ್ಲ.

ನಗಿಸುವ ಶಕ್ತಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. 1988ರ ಜುಲೈಯಲ್ಲಿ ಅಟ್ಲಾಂಟಾದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಪ್ರಧಾನ ಭಾಷಣ ಆಕೆಯದು. ಎದುರು ಪಕ್ಷದ, ಸಿರಿವಂತ ಮನೆತನದ ಹಿರಿಯ ಜಾರ್ಜ್ ಬುಷ್ ಮಾತು ತಪ್ಪಿ ಆಡುವುದನ್ನೂ ಅವರ ಹುಟ್ಟಿನ ಐಶ್ವರ್ಯವನ್ನೂ ಒಂದೇ ಗಂಟು ಹಾಕಿ ಆಕೆ ಹೊಡೆದ ಚಟಾಕಿ ದೇಶವನ್ನೆಲ್ಲ ನಗಿಸಿತು. ಅಮೆರಿಕದಲ್ಲಿ ಅದನ್ನು ಈಗಲೂ ನೆನೆಯುತ್ತಾರೆ. ಕುಣಿತದಲ್ಲಿ ಗಂಡಸು ಹಾಕಿದ ಹೆಜ್ಜೆಗಳನ್ನೆಲ್ಲ ಹೆಣ್ಣೂ ಹಾಕಿದಳು, ಅದನ್ನು ಎತ್ತರದ ಹಿಮ್ಮಡಿಯ ಮೇಲೆ ಹಿಂದುಹಿಂದಕ್ಕೆ ಹಾಕಿದಳು ಎಂಬ ಅರ್ಥದ ಮಾತನ್ನು ಮನೆಮಾತಾಗಿಸಿದ್ದೂ ಅದೇ ಭಾಷಣ. ಎರಡು ವರ್ಷದ ಮೇಲೆ ಗವರ್ನರ್ ಚುನಾವಣೆ. ಎದುರಿಗೆ ಕ್ಲೇಟನ್ ವಿಲಿಯಮ್ಸ್, ಎಣ್ಣೆಯಿಂದಲೂ ದನದ ಫಾರಂಗಳಿಂದಲೂ ದುಡ್ಡು ಮಾಡಿದ್ದವರು, ಮೊದಮೊದಲು ಬಹಳ ಮುಂದಿದ್ದವರು. ಆತ ಅತ್ಯಾಚಾರವನ್ನು ಕೆಟ್ಟ ಹವೆಗೆ ಹೋಲಿಸಿ ಹಗುರವಾಗಿ ಮಾತಾಡಿದ್ದು, ಸಾರ್ವಜನಿಕ ಸಭೆಯಲ್ಲಿ ಆನ್ ಕೈ ಕುಲುಕಲು ನಿರಾಕರಿಸಿದ್ದು, ಒಂದು ವರ್ಷ ಆದಾಯ ತೆರಿಗೆಯನ್ನೇ ಕಟ್ಟಲಿಲ್ಲ ಎಂದು ಒಪ್ಪಿಕೊಂಡದ್ದು ಎಲ್ಲ ಸೇರಿ ಲೆಕ್ಕ ತಲೆಕೆಳಗಾಯಿತು. ಆನ್ ಸುಮಾರು 1 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. 1991ರ ಜನವರಿಯಲ್ಲಿ ಪ್ರಮಾಣವಚನಕ್ಕೆ ಅವರು ಜನರ ಜೊತೆ ಕೈಗೆ ಕೈ ಸೇರಿಸಿ ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂ ಉದ್ದಕ್ಕೂ ನಡೆದುಕೊಂಡೇ ರಾಜ್ಯದ ಶಾಸನಭವನಕ್ಕೆ ಹೋದರು. ಆಮೇಲೆ ಮಾಡಿದ ನೇಮಕಗಳಲ್ಲಿ ಹೆಂಗಸರಿಗೆ, ಕರಿಯರಿಗೆ, ಮೆಕ್ಸಿಕನ್ ಮೂಲದವರಿಗೆ ಟೆಕ್ಸಾಸ್ ಹಿಂದೆಂದೂ ಕಾಣದಷ್ಟು ಪಾಲು ಸಿಕ್ಕಿತು.

ಈಗ ಇನ್ನೊಬ್ಬ ಹೆಂಗಸಿನ ಕಡೆ ಬರಬೇಕು. ಹಾಲೆಂಡ್ ಟೇಲರ್ ಟೆಕ್ಸಾಸಿನವರಲ್ಲ, ಫಿಲಡೆಲ್ಫಿಯಾದವರು. 'ಟೂ ಅಂಡ್ ಎ ಹಾಫ್ ಮೆನ್' ಎಂಬ ಟಿ.ವಿ. ಹಾಸ್ಯ ಧಾರಾವಾಹಿಯ ತಾಯಿಯ ಪಾತ್ರದಿಂದ ಜಗತ್ತಿನ ಮನೆಮನೆಗಳಲ್ಲಿ ಪರಿಚಿತರು. ಅವರು ಆನ್ ಅವರನ್ನು ಭೇಟಿಯಾದದ್ದು ಒಂದೇ ಸಲ, ನ್ಯೂಯಾರ್ಕಿನಲ್ಲಿ, ಇಬ್ಬರಿಗೂ ಗೆಳತಿಯಾಗಿದ್ದ ಅಂಕಣಗಾರ್ತಿ ಲಿಜ್ ಸ್ಮಿತ್ ಜೊತೆಗಿನ ಒಂದು ಮಧ್ಯಾಹ್ನದ ಊಟದಲ್ಲಿ. 2006ರ ಸೆಪ್ಟೆಂಬರ್ 13ರಂದು ಆನ್ ಅನ್ನನಾಳದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಟೇಲರ್‌ಗೆ ಆದ ದುಃಖಕ್ಕೆ ಆ ಒಂದು ಊಟದ ಪರಿಚಯ ಸಾಕಾಗುತ್ತಿರಲಿಲ್ಲ. ತಮಗೇ ವಿಚಿತ್ರವಾಗಿ ಕಂಡ ಆ ದುಃಖ ತಿಂಗಳುಗಟ್ಟಲೆ ಬಿಡಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಒಂದು ದಿನ ಚಿತ್ರೀಕರಣಕ್ಕೆ ಕಾರು ಓಡಿಸಿಕೊಂಡು ಹೋಗುವಾಗ ಆನ್ ಬದುಕು ಸಿನಿಮಾಕ್ಕಲ್ಲ, ಟಿ.ವಿ.ಗಲ್ಲ, ರಂಗದ ಮೇಲೆ ಬರಬೇಕಾದದ್ದು ಎಂದು ಹೊಳೆದು, ಕಾರನ್ನು ರಸ್ತೆ ಬದಿಗೆ ನಿಲ್ಲಿಸಿಬಿಟ್ಟರಂತೆ. ಅದಕ್ಕೆ ಮುಂಚೆ ನಾಟಕ ಬರೆದವರಲ್ಲ. ಅರವತ್ತು ದಾಟಿದ ಮೇಲೆ ಬರೆಯಲು ಕೂತರು. ಆನ್ ಅವರ ಮನೆಯವರನ್ನು, ಜೊತೆಗೆ ದುಡಿದವರನ್ನು ಹುಡುಕಿಕೊಂಡು ಹೋದರು, ದಾಖಲೆಗಳನ್ನು ಓದಿದರು, ವರ್ಷಗಟ್ಟಲೆ ಅವರ ಮಾತು ಕೇಳಿದರು.

ಇಲ್ಲಿ ನನ್ನ ಬೆರಗು ಇಮ್ಮಡಿಯಾಗುತ್ತದೆ. ಒಮ್ಮೆ ಮಾತ್ರ ಕಂಡವರಿಗಾಗಿ ಹುಟ್ಟಿದ ಶೋಕ ಎಲ್ಲಿಂದ ಬಂತು? ರಾಜಕಾರಣಿಗಳು ಸತ್ತಾಗ ಊರಿನಲ್ಲಿ ಅಳುವವರನ್ನು ನಾವೂ ಕಂಡಿದ್ದೇವೆ. ಬಳ್ಳಾರಿಯಲ್ಲೋ ಶಿವಮೊಗ್ಗದಲ್ಲೋ ಭಾಷಣ ಕೇಳಿದ್ದ, ದೂರದಿಂದ ಕೈ ಬೀಸಿದ್ದನ್ನು ಕಂಡಿದ್ದ ಅಜ್ಜಿಯೊಬ್ಬಳು ಮನೆಯವರನ್ನು ಕಳಕೊಂಡವಳಂತೆ ಅಳುತ್ತಾಳೆ. ಅದನ್ನು ಮುಗ್ಧತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ತನ್ನೊಳಗೆ ಎಂದೋ ಆಗಬಹುದಾಗಿದ್ದ, ಆಗದೇ ಉಳಿದ ಬದಲಾವಣೆಯೊಂದು ಇನ್ನೊಬ್ಬರಲ್ಲಿ ಆಗಿರುವುದನ್ನು ಕಂಡಾಗ ಅವರು ನಮ್ಮವರಾಗುತ್ತಾರೆ. ಅವರು ಹೋದಾಗ ನಮ್ಮೊಳಗಿನ ಆ ಸಾಧ್ಯತೆಗೂ ದಿಗಿಲಾಗುತ್ತದೆ. ಟೇಲರ್ ಆ ದಿಗಿಲನ್ನು ಅಲ್ಲಿಗೇ ಬಿಡದೆ ಕೆಲಸಕ್ಕೆ ಹಚ್ಚಿದರು.

ಮೊದಲ ಪ್ರದರ್ಶನ 2010ರ ಮೇ ತಿಂಗಳಲ್ಲಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ, 1894ರ ಹಳೆಯ ಒಪೆರಾ ಮಂದಿರದಲ್ಲಿ. ಧೈರ್ಯ ನೋಡಿ! ಆನ್ ತೀರಿ ನಾಲ್ಕು ವರ್ಷವೂ ಆಗಿರಲಿಲ್ಲ. ಅವರ ದನಿ, ನಡಿಗೆ, ನಗು ಆ ಊರವರ ಕಿವಿಯಲ್ಲಿ ಕಣ್ಣಲ್ಲಿ ಹಸಿಯಾಗಿತ್ತು. ಅಂಥವರ ಮುಂದೆ ಹೊರರಾಜ್ಯದ ನಟಿ ಆ ವಿಗ್ಗು ಹಾಕಿಕೊಂಡು ನಿಂತರು. ಅನುಕರಣೆ ಆಗಿದ್ದರೆ ಆ ಸಭೆ ಹತ್ತು ನಿಮಿಷದಲ್ಲಿ ಗುರುತು ಹಿಡಿಯುತ್ತಿತ್ತು. ಅಲ್ಲಿಂದ ಸ್ಯಾನ್ ಆಂಟೋನಿಯೊ, ಆಸ್ಟಿನ್, ಶಿಕಾಗೊ, ವಾಷಿಂಗ್ಟನ್‌ನ ಕೆನಡಿ ಸೆಂಟರ್ ಹಾದು ನಾಟಕ ನ್ಯೂಯಾರ್ಕ್ ಮುಟ್ಟಿತು.

ನಾಟಕದ ನಡುಭಾಗ ಗವರ್ನರ್ ಕಚೇರಿ. ಒಂದು ದೊಡ್ಡ ಮೇಜು, ಅದರ ಮೇಲೆ ಬಿಡುವಿಲ್ಲದ ಫೋನು. ಕಾರ್ಯದರ್ಶಿಯ ದನಿ ನೇಪಥ್ಯದಿಂದ ಬರುತ್ತದೆ, ಆಕೆ ಕಾಣುವುದಿಲ್ಲ. ಒಂದು ಕರೆಯಲ್ಲಿ ಅಧ್ಯಕ್ಷ ಕ್ಲಿಂಟನ್, ಇನ್ನೊಂದರಲ್ಲಿ ಮಕ್ಕಳು, ಮತ್ತೊಂದರಲ್ಲಿ ಬೈಗುಳ ತಿನ್ನಬೇಕಾದ ಸಿಬ್ಬಂದಿ. ಅತ್ತ ಕಡೆಯ ಮಾತು ನಮಗೆ ಕೇಳುವುದಿಲ್ಲ. ಏಕವ್ಯಕ್ತಿ ನಾಟಕದಲ್ಲಿ ಫೋನು ಹಳೆಯ ಉಪಾಯ, ಸೋಮಾರಿ ನಾಟಕಕಾರರು ಅದನ್ನು ಸವೆಸಿಹಾಕಿದ್ದಾರೆ. ಟೇಲರ್ ಕೈಯಲ್ಲಿ ಅದು ಬೇರೆಯೇ ಆಗುತ್ತದೆ. ಅವರು ಮಾತಾಡುವಾಗ ಅಷ್ಟಾಗಿ ಅಲ್ಲ, ರಿಸೀವರ್ ಕಿವಿಗಿಟ್ಟು ಸುಮ್ಮನಿರುವಾಗ ನನಗೆ ಅವರು ಪೂರ್ತಿ ಆನ್ ಆಗಿ ಕಂಡರು. ಅತ್ತ ಒಂದು ವಾಕ್ಯ ಮುಗಿಯುವ ಮೊದಲೇ ಇತ್ತ ಹುಬ್ಬು ಏರುತ್ತದೆ. ಬೆರಳು ಮೇಜಿನ ಮೇಲಿನ ಕಾಗದದ ಮೇಲೆ ನಿಲ್ಲುತ್ತದೆ. ನಗು ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತದೆ. ಇಲ್ಲದ ದನಿಯೊಂದನ್ನು ನಟಿ ನಿಜಕ್ಕೂ ಕೇಳಿಸಿಕೊಳ್ಳುತ್ತಿದ್ದಾರೆ, ಅದು ಏನು ಹೇಳಿತೆಂದು ಆ ಮುಖ ನೋಡಿ ನಾವು ತಿಳಿಯುತ್ತೇವೆ. ರಂಗದ ಮೇಲೆ ಅಳುವುದು, ಕೂಗುವುದು ತಾಲೀಮಿನಿಂದ ಬಂದೀತು. ಕೇಳಿಸಿಕೊಳ್ಳುವುದನ್ನು ಅಭಿನಯಿಸಲು ಬರುವುದಿಲ್ಲ. ಕೇಳಿಸಿಕೊಂಡರೆ ಕೇಳಿಸಿಕೊಂಡ ಹಾಗೆ, ಇಲ್ಲದಿದ್ದರೆ ಇಲ್ಲ. 1980ರ ಆ ಕೋಣೆ ಮತ್ತು ಈ ಮೇಜು ನನ್ನ ಮನಸ್ಸಿನಲ್ಲಿ ಒಂದಾಗುವುದು ಇಲ್ಲಿ.

ಫೋನಿನಾಚೆಯಿಂದ ಬರುವುದರಲ್ಲಿ ಅತಿ ಭಾರವಾದದ್ದು ಮರಣದಂಡನೆಗೆ ತಡೆ ಕೋರಿದ ಒಂದು ಮನವಿ. ಟೆಕ್ಸಾಸಿನ ಕಾನೂನಿನಲ್ಲಿ ಕ್ಷಮಾದಾನ ಮಂಡಳಿಯ ಶಿಫಾರಸು ಇಲ್ಲದೆ ಗವರ್ನರ್ ಶಿಕ್ಷೆಯನ್ನು ಇಳಿಸುವಂತಿಲ್ಲ. ತಾನಾಗಿ ಕೊಡಬಹುದಾದದ್ದು ಒಂದೇ ಸಲ, 30 ದಿನಗಳ ತಡೆ. ನಾಟಕ ಆ ಭಾರವನ್ನು ತೋರಿಸುತ್ತದೆ. ಆದರೆ ನನಗೆ ಅದು ಸಾಲದು. ಆನ್ ಅವರ ನಾಲ್ಕು ವರ್ಷಗಳಲ್ಲಿ ಟೆಕ್ಸಾಸ್ ಐವತ್ತರ ಆಸುಪಾಸು ಜನರನ್ನು ವಿಷದ ಸೂಜಿ ಚುಚ್ಚಿ ಕೊಂದಿತು. ಸೆರೆಮನೆಯಲ್ಲಿರುವವರೂ ಬದಲಾಗಬಲ್ಲರು ಎಂದು ತನ್ನ ಅನುಭವದಿಂದಲೇ ಬಲ್ಲವರು, ಅವರ ಚಿಕಿತ್ಸೆಗೆ ಹಣ ತಂದವರು, ಅದೇ ಸೆರೆಮನೆಗಳ ಇನ್ನೊಂದು ಕೋಣೆಯಲ್ಲಿ ಬದಲಾಗುವ ಅವಕಾಶವೇ ಮುಗಿದುಹೋಗುವುದನ್ನು ಕಾನೂನೆಂದು ಒಪ್ಪಿಕೊಂಡರು. ಇದನ್ನು ನಾಟಕ ಇನ್ನೂ ಹತ್ತಿರದಿಂದ ನೋಡಬೇಕಾಗಿತ್ತು. ಪ್ರೀತಿಯಿಂದ ಬರೆದವರ ಕೈ ಅಲ್ಲಿ ತುಸು ಹಗುರವಾಯಿತು ಎಂದೇ ನನ್ನ ಭಾವನೆ. ಮನುಷ್ಯರು ಬದಲಾಗುವಾಗ ಇಡಿಯಾಗಿ ಬದಲಾಗುವುದಿಲ್ಲ. ಒಂದು ಬಾಗಿಲು ತೆರೆದಾಗ ಪಕ್ಕದ ಬಾಗಿಲು ಮುಚ್ಚಿಯೇ ಇರುತ್ತದೆ. ಅದನ್ನು ಕಂಡ ಮೇಲೂ ಆಕೆಯ ಮೇಲಿನ ನನ್ನ ಗೌರವ ಉಳಿಯುತ್ತದೆ, ಆದರೆ ಆ ಗೌರವಕ್ಕೆ ನೋವೊಂದು ಸೇರಿಕೊಳ್ಳುತ್ತದೆ.

ಪಾತ್ರ ಮೊದಲೋ ಮನುಷ್ಯ ಮೊದಲೋ ಎಂಬುದಕ್ಕೆ ಆನ್ ಬದುಕಿನಲ್ಲೇ ಒಂದು ಚೆಂದದ ಪ್ರಸಂಗವಿದೆ. 1992ರ ಜುಲೈಯಲ್ಲಿ 'ಟೆಕ್ಸಾಸ್ ಮಂತ್ಲಿ' ಪತ್ರಿಕೆ ಮುಖಪುಟದಲ್ಲಿ ಬಿಳಿಯ ಚರ್ಮದುಡುಪು ತೊಟ್ಟು ಹಾರ್ಲೆ ಡೇವಿಡ್‌ಸನ್ ಬೈಕ್ ಏರಿದ ಆನ್ ಚಿತ್ರ ಹಾಕಿತು. ಮುಖ ಅವರದು, ಮೈ ಯಾರೋ ರೂಪದರ್ಶಿಯದು, ಎರಡನ್ನೂ ಜೋಡಿಸಿದ್ದರು. ಸಿಟ್ಟಾಗಬಹುದಿತ್ತು. ಅವರು ನಕ್ಕರು, ಆಮೇಲೆ ಅರವತ್ತರ ವಯಸ್ಸಿನಲ್ಲಿ ನಿಜಕ್ಕೂ ಬೈಕ್ ಓಡಿಸಲು ಕಲಿತು ಲೈಸೆನ್ಸ್ ಪಡೆದರು. ಬೇರೆಯವರು ಕಲ್ಪಿಸಿದ ಚಿತ್ರದೊಳಕ್ಕೆ ಸಂತೋಷವಾಗಿ ಬೆಳೆದುಬಿಟ್ಟರು! ಗಂಡನ ಬದಲಿಗೆ ಚುನಾವಣೆಗೆ ನಿಂತಾಗಲೂ ಆದದ್ದು ಅದೇ ಅಲ್ಲವೇ? ಮೊದಲು ಜಾಗ ಸಿಕ್ಕಿತು, ಆಮೇಲೆ ಆ ಜಾಗಕ್ಕೆ ತಕ್ಕ ಹೆಂಗಸು ಬಂದಳು. ನಟರಿಗೆ ಇದು ದಿನದ ಅನುಭವ. ವೇಷ ಕಟ್ಟಿ ನಿಂತ ಮೇಲೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಎಂದು ಯಕ್ಷಗಾನದ ವೇಷಧಾರಿಗಳು ಹೇಳುವುದನ್ನು ಕೇಳಿದ್ದೇನೆ. ರಾಜಕಾರಣಿ ನಟಿಸುತ್ತಾನೆ ಎಂದು ನಾವು ದೂರುತ್ತೇವಲ್ಲ, ಒಳ್ಳೆಯ ಪಾತ್ರವನ್ನು ಮನಸಾರೆ ನಟಿಸುತ್ತ ನಟಿಸುತ್ತ ಅದೇ ಆಗಿಬಿಡುವುದೂ ಇದೆ ಎಂಬುದನ್ನು ನಾನು ಈ ನಾಟಕ ನೋಡಿದ ಮೇಲೆ ಒಪ್ಪುತ್ತೇನೆ.

1994ರಲ್ಲಿ ಆನ್ ಸೋತರು. ಸೋಲಿಸಿದವರು ಕಿರಿಯ ಜಾರ್ಜ್ ಬುಷ್, ಆಕೆಯ ಚಟಾಕಿಗೆ ಗುರಿಯಾಗಿದ್ದ ಅಪ್ಪನ ಮಗ. ಬಂದೂಕನ್ನು ಮರೆಯಾಗಿ ಒಯ್ಯುವ ಹಕ್ಕಿನ ಮಸೂದೆಗೆ ಹಿಂದಿನ ವರ್ಷ ಆಕೆ ತಡೆ ಹಾಕಿದ್ದರು, ಅದರ ಬೆಲೆಯನ್ನೂ ತೆತ್ತರು. ಸೋತ ಮೇಲೆ ಮನೆ ಸೇರಿ ಕೂರಲಿಲ್ಲ. ಭಾಷಣ, ಸಲಹೆ, ನ್ಯೂಯಾರ್ಕಿನ ವಾಸ. ಹುಡುಗಿಯರಿಗಾಗಿ ಶಾಲೆಯೊಂದು ಬೇಕೆಂದು ಬಯಸಿದ್ದರು. ಅವರು ಹೋದ ಮರುವರ್ಷ, 2007ರಲ್ಲಿ, ಆಸ್ಟಿನ್‌ನಲ್ಲಿ ಅದು ಅವರ ಹೆಸರಿನಲ್ಲೇ ತೆರೆಯಿತು. ಮಗಳು ಸಿಸೀಲ್ ಹೆಂಗಸರ ಆರೋಗ್ಯದ ಹಕ್ಕಿಗಾಗಿ ಹೋರಾಡುವ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯನ್ನು ಹನ್ನೆರಡು ವರ್ಷ ಮುನ್ನಡೆಸಿ 2025ರ ಜನವರಿಯಲ್ಲಿ ತೀರಿಕೊಂಡರು.

ಟೇಲರ್ ಈಗ ಎಂಬತ್ತು ದಾಟಿದ್ದಾರೆ. ಆನ್ ಪಾತ್ರವನ್ನು ಬೇರೆ ನಟಿಯರೂ ಹೊರತೊಡಗಿದ್ದಾರೆ. 2019ರಲ್ಲಿ ವಾಷಿಂಗ್ಟನ್‌ನ ಅರೀನಾ ಸ್ಟೇಜ್‌ನಲ್ಲಿ ಜೇನ್ ಆಟ್ಕಿನ್ಸನ್ ಅದನ್ನು ಮಾಡಿದರು. ಮುಂದೆ ಬರುವವರಿಗೆ ಆ ಒಂದು ಮಧ್ಯಾಹ್ನದ ಊಟದ ನೆನಪೂ ಇರುವುದಿಲ್ಲ. ಆನ್ ಇದ್ದಾಗ ಹುಟ್ಟಿಯೇ ಇರದ ಹುಡುಗಿಯೊಬ್ಬಳು ಮುಂದೆಂದೋ ಬಿಳಿ ಕೂದಲು ಧರಿಸಿ ಆ ಮೇಜಿನ ಮುಂದೆ ಕೂತು ಫೋನು ಎತ್ತಿಕೊಳ್ಳುತ್ತಾಳೆ. ಅತ್ತ ಕಡೆಯ ದನಿ ಅವಳಿಗೆ ಯಾರದಾಗಿ ಕೇಳೀತು ಎಂದು ಯೋಚಿಸುತ್ತೇನೆ. ಅವಳ ಅಪ್ಪನದಿರಬಹುದು, ಕುಡಿತ ಬಿಡಲಾಗದ ಅಣ್ಣನದಿರಬಹುದು, ತಾನು ಮತ ಹಾಕಿ ಮೋಸಹೋದ ಯಾವನೋ ಜನಪ್ರತಿನಿಧಿಯದಿರಬಹುದು. ಅದಕ್ಕೆ ತಕ್ಕ ಹಾಗೆ ಆನ್ ಮತ್ತೆ ಬೇರೆಯೇ ಆಗುತ್ತಾರೆ.